ಮಾವನವರ ದೋಣಿಗೆ ಪಾಲಿಶ್ ಪೇಪರ್

ಕೆಲವರು ಮನೆಯಿಂದ ಹೊರಬಿದ್ದರೆ ನಾಯಿ ಬೆನ್ನು ಹತ್ತುತ್ತದೆ. ನನಗೆ ಕೆಲಸ ಬೆನ್ನು ಹತ್ತುತ್ತದೆ, ಅದೂ ನನಗೆ ಬಾರದ ಕೆಲಸವೇ ಹುಡುಕಿಕೊಂಡು ಬರುತ್ತದೆ. ಚಿಕ್ಕೋಡಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಎಲ್ಲೋ ಗುದ್ದಿಸಿಕೊಂಡು ಬಂದ ಕಾರು, ಟೆಂಪೋಗಳ ತಗ್ಗು ಎಬ್ಬಿಸಿ, ಪುಟ್ಟಿ ಹಚ್ಚಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಬಣ್ಣ ಹೊಡೆಯುವುದು ನನ್ನ ಕಸುಬು. ಸ್ವಭಾವದಿಂದ ನಾನು ಪುಕ್ಕಲ. ಬಣ್ಣ ಹೊಡೆದುಕೊಟ್ಟ ಕಾರು ಬೀದಿಯ ತಿರುವು ದಾಟುವ ತನಕ ಉಸಿರು ಬಿಗಿಹಿಡಿದು ನಿಂತಿರುತ್ತೇನೆ, ಎಲ್ಲಿ ವಾಪಸ್ ಬಂದೀತೋ ಎಂದು. ಇಂಥವನ ಕೈಗೆ ಹೋದ ಬೇಸಿಗೆಯಲ್ಲಿ ಬಂದದ್ದು ಒಂದು ದೋಣಿ. ಅದೂ ಹೆಂಡತಿಯ ತವರುಮನೆಯ ದೋಣಿ. ಅದರ ಮೈ ತಿಕ್ಕಿ ಬಣ್ಣಕ್ಕೆ ತಯಾರು ಮಾಡುವಷ್ಟರಲ್ಲಿ ನನ್ನ ಮೈಮೇಲಿನ ಅರ್ಧ ಮಾಂಸ ಕರಗಿತು. ಹೇಳುತ್ತೇನೆ ಕೇಳಿ.

೧. ರೊಟ್ಟಿ ಬಾಯಲ್ಲಿದ್ದಾಗ

ಮಾವನವರದು ಯಡೂರು. ಕೃಷ್ಣಾ ಹೊಳೆಯಲ್ಲಿ ದೋಣಿ ನಡೆಸುತ್ತಾರೆ. ಆಚೆ ದಂಡೆಯ ಹೊಲಗಳಿಗೆ ಹೋಗುವ ಜನ, ಮೇವಿನ ಹೊರೆ, ಹಾಲಿನ ಕ್ಯಾನು, ಒಮ್ಮೊಮ್ಮೆ ಒಂದೆರಡು ಆಡು, ಎಲ್ಲ ಅವರ ದೋಣಿಯಲ್ಲೇ ದಾಟಬೇಕು. ಕಟ್ಟಿಗೆಯ ದೋಣಿ ಹಳೆಯದಾಗಿ ಸಂದಿಯಿಂದ ನೀರು ಜಿನುಗತೊಡಗಿತ್ತು. ಬಡಿಗೇರರು ಹಲಗೆ ಬದಲಿಸಿಕೊಟ್ಟರು. ಆಮೇಲೆ ಮಿರಜ ಕಡೆಯ ಫೈಬರ್ ಕೆಲಸದವನೊಬ್ಬ ಬಂದು, ದೋಣಿಯನ್ನು ಬೋರಲು ಹಾಕಿ, ಹೊರಮೈಗೆಲ್ಲ ಗಾಜಿನ ನೂಲಿನ ಬಟ್ಟೆ ಹೊದಿಸಿ, ಅದರ ಮೇಲೆ ರೆಸಿನ್ ಎಂಬ ಅಂಟು ಬಳಿದು ಗಟ್ಟಿ ಮಾಡಿದ. ಇನ್ನು ಪುಟ್ಟಿ ಹಚ್ಚಿ ತಿಕ್ಕಬೇಕು ಎನ್ನುವಾಗ "ತಂಗೀ ಲಗ್ನ ಐತ್ರಿ, ಹಿಂಗ ಹೋಗಿ ಹಂಗ ಬಂದೆನ್ರಿ" ಎಂದು ಹೋದವನು ಫೋನು ಎತ್ತುವುದನ್ನೇ ಬಿಟ್ಟ. ಹೊಳೆ ತುಂಬುವುದರೊಳಗೆ ದೋಣಿ ನೀರಿಗೆ ಇಳಿಯದಿದ್ದರೆ ಆ ವರ್ಷ ಮಾವನವರು ದಂಡೆಯಲ್ಲಿ ಕುಳಿತು ನೀರು ನೋಡಬೇಕಾಗಿತ್ತು.

ಇದನ್ನೆಲ್ಲ ಅವರು ಊಟಕ್ಕೆ ಕುಳಿತಾಗ ಹೇಳುತ್ತಿದ್ದರು. ನಾನು ಪಾಪ ಅನ್ನುವಂತೆ ತಲೆ ಆಡಿಸುತ್ತ ರೊಟ್ಟಿ ತಿನ್ನುತ್ತಿದ್ದೆ. ಬಡಿಸುತ್ತಿದ್ದ ನನ್ನ ಹೆಂಡತಿ ಥಟ್ಟನೆ ಅಂದಳು:

"ಅಪ್ಪಾ, ಇವರು ದಿನಾ ಮಾಡೂದು ಅದನ್ನ ಅಲ್ಲೇನು? ಎಂಥಾ ಜಜ್ಜಿದ ಗಾಡೀನೂ ಕನ್ನಡಿ ಆಗೂವಂಗ ತಿಕ್ಕತಾರ."

ಬಾಯಲ್ಲಿ ರೊಟ್ಟಿ ಇತ್ತು. ಅದನ್ನು ನುಂಗಿ "ಅದು ಬ್ಯಾರೆ, ಇದು ಬ್ಯಾರೆ" ಅನ್ನುವಷ್ಟರಲ್ಲಿ ಮಾವನವರು ಎದ್ದು ಕೈ ತೊಳೆದು ಬಂದು, "ಹಂಗಾರ ನಾಳೆ ಮುಂಜಾನಿಂದನ ಚಾಲೂ ಮಾಡ್ರಿ ಅಳಿಯಂದ್ರ" ಅಂದುಬಿಟ್ಟಿದ್ದರು.

ಅವರು ಆಚೆ ಹೋದ ಮೇಲೆ ಹೆಂಡತಿಗೆ ಹೇಳಿದೆ: "ಏನ್ ಮಾಡಿ ಕುಂತಿ ನೀ? ಕಾರಿನ ಬಣ್ಣ ಕೆಟ್ರ ಮಾಲಕ ಬಂದು ಬೈತಾನ. ದೋಣಿ ಕೆಟ್ರ ಬೈಯಾಕ ಮಾಲಕನ ಉಳಿಯೂದಿಲ್ಲ!"

ಅವಳು ತಾಟು ಎತ್ತುತ್ತ ತಣ್ಣಗೆ ಹೇಳಿದಳು: "ನಮ್ಮಪ್ಪಗ ಈಸು ಬರತೈತಿ. ನೀವು ನಿಮ್ಮ ಚಿಂತಿ ಮಾಡ್ರಿ."

೨. ಭಾಂಡಿ ತಿಕ್ಕುವ ಅಳಿಯ

ಮರುದಿನ ಬೆಳಿಗ್ಗೆ ಮನೆಯ ಮುಂದೆ, ಹೊಳೆಯ ದಂಡೆಗೆ ಹತ್ತಿದ ಹುಣಸೆಮರದ ಕೆಳಗೆ ದಿಮ್ಮಿಗಳ ಮೇಲೆ ಬೋರಲು ಬಿದ್ದಿದ್ದ ದೋಣಿಯ ಎದುರು ನಿಂತೆ. ಕಾರಿಗೆ ಒಂದು ಬಾಗಿಲು, ಒಂದು ಬಾನೆಟ್ ಅಂತ ತುಂಡು ತುಂಡಾಗಿ ಕೆಲಸ ಇರುತ್ತದೆ. ಇದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯಲಿಲ್ಲ. ಎಮ್ಮೆ ಮಲಗಿದ ಹಾಗೆ ಮಲಗಿತ್ತು. ಧೈರ್ಯ ಮಾಡಿ ಪೇಪರ್ ಹಚ್ಚಿ ನಾಲ್ಕು ಸಲ ಎಳೆದೆ. ಪುಡಿ ಉದುರಬೇಕಾದಲ್ಲಿ ಪೇಪರಿಗೆಲ್ಲ ಮೇಣ ಮೆತ್ತಿಕೊಂಡು ಅದು ಕರದಂಟಿನ ಹಾಗಾಯಿತು. ಇನ್ನೊಂದು ಪೇಪರ್ ತೆಗೆದುಕೊಂಡೆ, ಅದೂ ಹಾಗೇ. ಮಾವನವರು ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತ ನೋಡುತ್ತಿದ್ದರು. ಮರದ ಹಿಂದೆ ಹೋಗಿ ನನಗೆ ಕೆಲಸ ಕಲಿಸಿದ ನಿಪ್ಪಾಣಿಯ ಉಸ್ತಾದರಿಗೆ ಫೋನು ಮಾಡಿದೆ.

"ಅರೇ ಬೇಟಾ," ಅಂದರು ಉಸ್ತಾದರು, "ರೆಸಿನ್ ಗಟ್ಟಿ ಆಗೂಮುಂದ ಮ್ಯಾಲ ಮೇಣದಂಗ ಒಂದ್ ಪದರ ಬರತೈತಿ. ಅದನ್ನ ತೊಳೀಲಾರದ ಪೇಪರ್ ಹಚ್ಚಿದ್ರ ಹಿಂಗ ಆಗೂದ. ಮೊದಲ ನೀರು, ಸಾಬಾಣ ಹಾಕಿ ಗಸಗಸ ತಿಕ್ಕು. ಆಮ್ಯಾಲ ಪೇಪರ್."

ಸರಿ. ಅತ್ತೆಯವರ ಅಡುಗೆಮನೆಯಿಂದ ಭಾಂಡಿ ತಿಕ್ಕುವ ಸಾಬಾಣ, ಹಸಿರು ನಾರು, ಒಂದು ಬಕೀಟು ನೀರು ತಂದು ಕುಕ್ಕರಗಾಲಲ್ಲಿ ಕುಳಿತು ತಿಕ್ಕತೊಡಗಿದೆ. ಅದು ಹೆಂಗಸರು ಹೊಳೆಗೆ ಬಟ್ಟೆ ಒಗೆಯಲು ಹೋಗುವ ಹೊತ್ತು. ಒಬ್ಬೊಬ್ಬರೇ ನಿಂತು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಮುಂದೆ ಹೋದರು. ಕೊನೆಗೆ ನೆರೆಮನೆಯ ಅಜ್ಜಿಯೊಬ್ಬಳು ಕೇಳಿಯೇಬಿಟ್ಟಳು:

"ಏನ್ರೀ ಅಳಿಯಂದ್ರ, ನಾಳಿ ಹೊಳ್ಯಾಗ ತೇಲೂ ದೋಣಿ, ಅದಕ್ಕ ಮನ್ಯಾಗ ಜಳಕ ಮಾಡಸಾಕತ್ತೀರಲ್ಲ?"

"ಇದು ತೊಳಿಯಾಕಬೇಕ್ ಆಯೀ," ಅಂದೆ. "ತೊಳಿಲಿಲ್ಲಂದ್ರ ಮುಂದಿನ ಕೆಲಸ ಆಗೂದಿಲ್ಲ. ನೋಡ್ರಿ, ತೊಳದಲ್ಲಿ ಹೆಂಗ ಸ್ವಚ್ಛ ಆಗೇತಿ."

ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. "ಖರೇನ ಛಲೋ ತಿಕ್ಕತೀರಿ" ಎಂದು ಹೋದಳು. ಸದ್ಯ ಒಬ್ಬರಾದರೂ ಮೆಚ್ಚಿದರಲ್ಲ ಎಂದು ನನಗೆ ಸಮಾಧಾನವಾಯಿತು. ಸ್ವಲ್ಪ ಹೊತ್ತಿಗೆ ಅವಳು ತಿರುಗಿ ಬಂದಳು. ಸೊಂಟದ ಮೇಲೆ ಮಸಿ ಹಿಡಿದ ಒಂದು ದೊಡ್ಡ ಹಂಡೆ ಇತ್ತು. "ಹೆಂಗೂ ಸಾಬಾಣ ಕಲಸೀರಿ," ಅಂತ ನನ್ನ ಪಕ್ಕದಲ್ಲಿಟ್ಟಳು.

೩. ಅಕ್ಕೋಳದ ಬದನೆಕಾಯಿ

ಗಾಜಿನ ಬಟ್ಟೆಯ ಮೇಲೆ ಪೇಪರ್ ಹೊಡೆದಾಗ ಏಳುವ ಧೂಳು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ನಾನು ಮೂಗಿಗೆ ಮಾಸ್ಕು, ಕಣ್ಣಿಗೆ ಚಷ್ಮಾ, ಉದ್ದ ತೋಳಿನ ಅಂಗಿ, ಕೈಗೆ ಗವಸು, ಎಲ್ಲ ಹಾಕಿಕೊಂಡೇ ಕೆಲಸ ಮಾಡುತ್ತಿದ್ದೆ. ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ಆ ಬಟ್ಟೆಗಳನ್ನು ಬೇರೆ ಒಗೆಯಿರಿ ಎಂದು ನಾನು ಹೇಳುವುದರೊಳಗೆ ಅತ್ತೆಯವರು ಮನೆಮಂದಿಯ ಬಟ್ಟೆಯ ಜೊತೆ ಒಂದೇ ಬಕೀಟಿನಲ್ಲಿ ನೆನೆಸಿಬಿಟ್ಟಿದ್ದರು. ಅದು ಸಾಲದೆಂದು ನಾನು ದೋಣಿಯ ಕೆಳಗೆ ನುಸುಳಲು ಹಾಸಿಕೊಂಡಿದ್ದ ಜಮಖಾನೆಯನ್ನು ಎತ್ತಿ ಪಡಸಾಲೆಯಲ್ಲಿ ಹಾಸಿದ್ದರು.

ಅದೇ ದಿನ ಅಕ್ಕೋಳದಿಂದ ಅತ್ತೆಯವರ ತಮ್ಮ ಬಂದರು. ತಮ್ಮ ತೋಟದ ಎಳೆ ಬದನೆಕಾಯಿ ಒಂದು ಚೀಲ ತಂದಿದ್ದರು. ಮಧ್ಯಾಹ್ನ ಎಣಗಾಯಿ ಆಯಿತು. ಎಲ್ಲರೂ ಜಮಖಾನೆಯ ಮೇಲೆ ಕುಳಿತು ಉಂಡರು. ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಮಾವನವರು ಕತ್ತು ಕೆರೆಯತೊಡಗಿದರು. ಅತ್ತೆ ಮೊಣಕೈ. ನನ್ನ ಹೆಂಡತಿ ಬೆನ್ನನ್ನು ಕಂಬಕ್ಕೆ ಉಜ್ಜುತ್ತಿದ್ದಳು.

"ಯವ್ವಾ, ಬದನಿಕಾಯಿ ನಂಜು!" ಅಂದರು ಅತ್ತೆ. "ಏನ್ ಗೊಬ್ಬರ ಹಾಕೀಯೋ ತಮ್ಮಾ ಅದಕ್ಕ?"

"ಏ ಅಕ್ಕಾ, ನಮ್ಮ ಬದನಿಕಾಯಿ ಊರೆಲ್ಲ ತಿಂತೈತಿ!"

"ಅದು ಬದನಿಕಾಯಿ ಅಲ್ರೀ," ನಾನು ನಡುವೆ ಬಾಯಿ ಹಾಕಿದೆ, "ದೋಣಿ ಮ್ಯಾಲಿನ ಕಾಜಿನ ಧೂಳು. ತಣ್ಣೀರಿಲೆ ತೊಳ್ಕೊಳ್ರಿ, ಕೆರಿಬ್ಯಾಡ್ರಿ, ಕೆರದಷ್ಟೂ ಒಳಗ ಹೋಗತೈತಿ."

"ಕಾಜು ಎಲ್ಲಿ ಐತಿ? ಒಡದದ್ದು ಒಂದೂ ಕಾಣೂದಿಲ್ಲ" ಎಂದು ಮಾವನವರು ನೆಲ ನೋಡಿದರು. ನನ್ನ ಮಾತು ಅಲ್ಲಿಗೆ ಬಿತ್ತು. ಅಕ್ಕತಮ್ಮಂದಿರ ಜಗಳ ಬೆಳೆಯಿತು. ಉಳಿದ ಬದನೆಕಾಯಿ ಚೀಲಕ್ಕೆ ತುಂಬಿಕೊಂಡು, "ಇನ್ನ ಮ್ಯಾಲ ಈ ಮನಿಗೆ ಒಂದ್ ಕೊತಂಬ್ರಿ ಕಡ್ಡೀನೂ ತರೂದಿಲ್ಲ" ಎಂದು ತಮ್ಮ ಎದ್ದು ಬಸ್ಸು ಹತ್ತಿದರು. ದೋಣಿ ನುಣುಪು ಮಾಡಲು ಬಂದು ನೆಂಟಸ್ತನ ಮುರಿದೆನಲ್ಲ ಎಂದುಕೊಂಡು ಜಮಖಾನೆ ಝಾಡಿಸಿ ಹೊರಗೆ ಹಾಕಿದೆ.

ಸಂಜೆ ಅಕ್ಕೋಳದಿಂದ ಫೋನು ಬಂತು. ಅತ್ತೆ ಸ್ಪೀಕರ್ ಹಾಕಿದರು. "ಅಕ್ಕಾ, ಸಿಟ್ಟಾಗಬ್ಯಾಡ. ನೀ ಅಂದದ್ದು ಖರೆ ಐತಿ," ತಮ್ಮನ ಧ್ವನಿ ಅಳುವಂತಿತ್ತು. "ಬಸ್ಸಿನ್ಯಾಗ ಕುಂತಾವ ಇಳಿಯೂ ತನಕ ಕೆರಕೊಂಡೇನಿ. ನನ್ನ ಬದನಿಕಾಯಿದ ತಪ್ಪು. ಈಗ ಎಲ್ಲಾ ಗಿಡ ಕಿತ್ತು ಒಗಿಯಾಕತ್ತೇನಿ."

ನಾನು ಫೋನು ಕಸಿದುಕೊಂಡು ಕೂಗಿದೆ: "ಮಾಮಾ, ಗಿಡ ಬಿಡ್ರಿ! ಮೊದಲ ಧೋತರ ಬಿಚ್ಚಿ ಝಾಡಸ್ರಿ!"

ಅತ್ತ ಕಡೆಯಿಂದ ಮಾಮಾ ಮೆಲ್ಲಗೆ, "ತ್ವಾಟದಾಗ ಆಳು ಮಂದಿ ಅದಾರ್ರಿ, ಒಂದೀಟು ತಡೀರಿ" ಅಂದರು.

೪. ಮಾವನವರ ಅಂಗೈ

ಪುಟ್ಟಿ ಹಚ್ಚಿ ಒಣಗಿದ ಮೇಲೆ ಉದ್ದ ಹಲಗೆಗೆ ಪೇಪರ್ ಸುತ್ತಿ, ಓರೆಯಾಗಿ ಒಮ್ಮೆ, ಎದುರು ಓರೆಗೆ ಒಮ್ಮೆ ತಿಕ್ಕುತ್ತ ಹೋಗಬೇಕು. ತಗ್ಗು ದಿಣ್ಣೆ ಕಣ್ಣಿಗೆ ಕಾಣುವುದಿಲ್ಲ, ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಗೊತ್ತಾಗುತ್ತದೆ. ಈ ವಿಷಯ ನಾನು ಮಾವನವರಿಗೆ ಹೇಳಬಾರದಿತ್ತು.

ಅಂದಿನಿಂದ ದಿನಾ ಸಂಜೆ ಅವರು ಬಂದು ಕಣ್ಣು ಮುಚ್ಚಿ ದೋಣಿಯ ಮೈಮೇಲೆ ಕೈ ಆಡಿಸುವರು. ಎರಡು ಮಾರು ಹೋಗಿ ನಿಲ್ಲುವರು. "ಇಲ್ಲೆ ಖರಖರ ಅಂತೈತಿ ಅಳಿಯಂದ್ರ."

ನಾನು ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ ಮತ್ತೆ ತಿಕ್ಕುವೆ. ಮರುದಿನ, "ಇಲ್ಲೆ ಇನ್ನೂ ಐತಿ. ಇಲ್ಲೂ ಐತಿ. ಏ, ಎಲ್ಲಾ ಕಡೆ ಐತೆಲ್ಲ!" ನನ್ನ ಕೈಗೆ ಬೆಣ್ಣೆ ಸವರಿದಂತೆ ಹತ್ತುತ್ತಿತ್ತು, ಅವರ ಕೈಗೆ ಖರಖರ. ಪುಟ್ಟಿ ತೆಳ್ಳಗಾಗುತ್ತ ಬಂದು ಒಂದೆರಡು ಕಡೆ ಕೆಳಗಿನ ಬಟ್ಟೆಯ ನೇಯ್ಗೆ ಮಸುಕಾಗಿ ಕಾಣತೊಡಗಿತು. ಇನ್ನು ತಿಕ್ಕಿದರೆ ಬಟ್ಟೆಯೇ ಹರಿದು ಹೊಳೆ ಒಳಗೆ ಬಂದೀತು ಎಂದು ನನಗೆ ಅನ್ನ ಸೇರದಾಯಿತು. ತಿಕ್ಕದಿದ್ದರೆ ಮಾವನವರು ಬಿಡುವುದಿಲ್ಲ. ಕೊನೆಗೆ ಹೆಂಡತಿಯ ಹತ್ತಿರ ಗೋಳು ಹೇಳಿಕೊಂಡೆ. ಅವಳು ತಾಯಿಯನ್ನು ಕರೆದುಕೊಂಡು ಬಂದಳು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ದೋಣಿಯ ಈ ತುದಿಯಿಂದ ಆ ತುದಿಗೆ ಸವರಿದರು. "ರೇಷ್ಮಿ ಸೀರಿ ಹಂಗ ಐತಿ. ಎಲ್ಲೆ ಐತ್ರಿ ಖರಖರ?"

"ಇಲ್ಲೆ ನೋಡ" ಎಂದು ಮಾವನವರು ಕೈ ಆಡಿಸಿ ತೋರಿಸಿದರು. ಖರಖರ ಸಪ್ಪಳ ನಮಗೂ ಕೇಳಿತು.

ಅತ್ತೆ ಅವರ ಕೈ ಹಿಡಿದು ಅಂಗಾತ ತಿರುಗಿಸಿದರು. ವರ್ಷಾನುಗಟ್ಟಲೆ ಹುಟ್ಟು ಹಾಕಿ, ಹಗ್ಗ ಎಳೆದು ಅಂಗೈ ತುಂಬ ಜಡ್ಡುಗಟ್ಟಿ, ಒಡೆದು, ಹೊಲದ ಹೆಂಟೆಯಂತಾಗಿತ್ತು. "ದೋಣೀದೇನೂ ಇಲ್ಲ. ಈ ಕೈಲೆ ಏನ್ ಮುಟ್ಟಿದ್ರೂ ಖರಖರನ ಅಂತೈತಿ!"

ಮಾವನವರು ತಮ್ಮ ಅಂಗೈಯನ್ನು ಬಹಳ ಹೊತ್ತು ನೋಡಿಕೊಂಡರು. ಏನೋ ದೊಡ್ಡ ಲೆಕ್ಕ ತಪ್ಪಿದವರ ಹಾಗೆ ಮುಖ ಎತ್ತಿ ಅತ್ತೆಯನ್ನು ಕೇಳಿದರು: "ಹಂಗಾರ ಇಷ್ಟ ವರ್ಷ ನಿನ್ನ ಗಲ್ಲ ನುಣ್ಣಗ ಇತ್ತೇನ?"

ನಾನು ಏನೋ ಬಿದ್ದದ್ದನ್ನು ಹುಡುಕುವವನಂತೆ ದೋಣಿಯ ಕೆಳಗೆ ನುಸುಳಿದೆ.

೫. ದೃಷ್ಟಿ ಬೊಟ್ಟು

ಪ್ರೈಮರ್, ಅಂದರೆ ತಳಬಣ್ಣ, ಹೊಡೆಯುವ ಮೊದಲು ನಾವು ಒಂದು ಕೆಲಸ ಮಾಡುತ್ತೇವೆ. ಕರಿ ಬಣ್ಣವನ್ನು ಮಂಜಿನಂತೆ ತೆಳ್ಳಗೆ ಊದಿ, ಒಣಗಿದ ಮೇಲೆ ಹಗುರಾಗಿ ತಿಕ್ಕುತ್ತೇವೆ. ಎಲ್ಲ ಕಡೆ ಕರಿ ಅಳಿಸಿಹೋದರೂ ತಗ್ಗಿದ್ದಲ್ಲಿ ಚುಕ್ಕೆಯಾಗಿ ಉಳಿಯುತ್ತದೆ. ಆ ಚುಕ್ಕೆಗಳಿಗೆ ಮತ್ತೆ ಪುಟ್ಟಿ. ಹಾಗೆ ಉಳಿದ ಚುಕ್ಕೆ ನೋಡಿ ಅತ್ತೆಯವರಿಗೆ ಬಹಳ ಸಂತೋಷವಾಯಿತು. "ಅಳಿಯಂದ್ರು ಎಷ್ಟ್ ತಿಳದಾವ್ರು ನೋಡ. ದೋಣಿಗೆ ದೃಷ್ಟಿ ಬೊಟ್ಟು ಇಟ್ಟಾರ."

ಮರುದಿನ ಪುಟ್ಟಿ ಹಚ್ಚಿ ನಾನು ಚುಕ್ಕೆಗಳನ್ನೆಲ್ಲ ಅಳಿಸಿದೆ. ಅವರ ಮುಖ ಬಾಡಿತು. ಅದರ ಮರುದಿನ ಬೆಳಿಗ್ಗೆ ನೋಡುತ್ತೇನೆ, ದೋಣಿಯ ಮೂತಿಯ ಮೇಲೆ ಕೈಯಗಲದ ಕರಿ ಬೊಟ್ಟು. ಔಡಲೆಣ್ಣೆಯಲ್ಲಿ ದೀಪದ ಕಾಡಿಗೆ ಕಲಸಿ ಇಟ್ಟದ್ದು! ಎಣ್ಣೆ ಹತ್ತಿದ ಮೈಮೇಲೆ ಪ್ರೈಮರ್ ನಿಲ್ಲುವುದಿಲ್ಲ, ಮೀನಿನ ಕಣ್ಣಿನ ಹಾಗೆ ತೂತು ತೂತಾಗಿ ಬಿಚ್ಚಿಕೊಳ್ಳುತ್ತದೆ. ನಾನು ಥಿನ್ನರ್ ಹಾಕಿ ಒರೆಸಿ ಒರೆಸಿ ಸಾಕಾದೆ. ಮರುದಿನ ಮತ್ತೆ ಬೊಟ್ಟು. ಮತ್ತೆ ಒರೆಸಿದೆ. ಕೊನೆಗೆ ಕೈ ಮುಗಿದು ಕೇಳಿಕೊಂಡೆ:

"ಅತ್ತೀ, ದೋಣಿಗೆ ಎಣ್ಣಿ ಮುಟ್ಟಸಬ್ಯಾಡ್ರಿ. ಬಣ್ಣ ಹಿಡಿಯೂದಿಲ್ಲ."

"ಹಾದೀಲೆ ಹೋಗಾವ್ರೆಲ್ಲ ನಿಂತು ನಿಂತು ನೋಡತಾರ್ರಿ. ದೃಷ್ಟಿ ಆಗಿ ನಡುಹೊಳ್ಯಾಗ ಏನಾರ ಆದ್ರ?" ಅವರ ಕಣ್ಣಲ್ಲಿ ನೀರು ಬಂದಿತ್ತು. ಅವರದು ತಪ್ಪೆನ್ನುವಂತಿರಲಿಲ್ಲ, ನಡುಹೊಳೆಗೆ ಹೋಗುವವರು ಅವರ ಗಂಡ. ನನಗೂ ಅದೇ ಹೆದರಿಕೆ ಇತ್ತಲ್ಲ. "ಹಂಗಾರ ದೋಣಿಗೆ ಹಚ್ಚೂದು ನನಗ ಹಚ್ಚಿಬಿಡ್ರಿ" ಅಂದೆ. ಅವರು ಒಂದು ಕ್ಷಣವೂ ತಡಮಾಡದೆ ನನ್ನ ಗಲ್ಲದ ಮೇಲೆ ಒತ್ತಿದರು.

ಅದೇ ಅವಸರದಲ್ಲಿ ಪ್ರೈಮರ್ ತರಲು ಚಿಕ್ಕೋಡಿ ಬಸ್ಸು ಹತ್ತಿದೆ. ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ದೋಣಿ ಕೆಲಸದ ಸುದ್ದಿ ಇಷ್ಟು ದೂರ ಹಬ್ಬಿತೇ ಎಂದು ಅಂದುಕೊಂಡೆ. ನನ್ನ ಪರಿಚಯದ ಬಣ್ಣದ ಅಂಗಡಿಯವರು ನನ್ನ ಮುಖ ನೋಡುತ್ತ ಡಬ್ಬಿ ಇಳಿಸಿದರು.

"ಗಲ್ಲದ ಮ್ಯಾಲ ಏನ್ರಿ ಅದು?"

ಮುಟ್ಟಿ ನೋಡಿಕೊಂಡೆ. ಕೈ ಕಪ್ಪಾಯಿತು. "ಅದು ದೋಣಿಗೆ ಹಚ್ಚೂದ್ರಿ. ನನಗ ಹಚ್ಯಾರ."

ಅವರು ಡಬ್ಬಿಯನ್ನು ಮುಂದೆ ತಳ್ಳಲೋ ಬೇಡವೋ ಎಂದು ಹಿಡಿದುಕೊಂಡೇ ಕೇಳಿದರು: "ಮತ್ತ ಈ ಪ್ರೈಮರ್ ಯಾರಿಗ್ರಿ?"

೬. ನೀರು ಬಂತೇನ್ರೀ?

ಈಗ ಆ ದೋಣಿ ನೀಲಿ ಬಣ್ಣ ಹಚ್ಚಿಕೊಂಡು ದಿನಾ ಹೊಳೆಯಲ್ಲಿ ಓಡಾಡುತ್ತದೆ. ಆದರೆ ಬಣ್ಣ ಹಚ್ಚುವ ಮೊದಲೇ ಅದು ಒಮ್ಮೆ ನೀರಿಗೆ ಇಳಿದಿತ್ತು.

ಹೊರಮೈಗೆ ಬೂದು ಬಣ್ಣದ ಪ್ರೈಮರ್ ಮುಗಿದಿತ್ತು. ಅಂಚು, ಒಳಮೈ ತಿಕ್ಕುವುದು ಉಳಿದಿತ್ತು. ಅದಕ್ಕೆಂದು ಓಣಿಯವರನ್ನು ಕರೆದು ದೋಣಿಯನ್ನು ನೆಟ್ಟಗೆ ಮಾಡಿಸಿದೆವು. ಹೊಸ ಪ್ರೈಮರಿಗೆ ಗೀರು ಬೀಳಬಾರದೆಂದು ನಾನು ಕೆಳಗೆ ಪ್ಲಾಸ್ಟಿಕ್ ತಾಡಪತ್ರಿ ಹಾಸಿದ್ದೆ. ಮರದ ಕೆಳಗಿನ ನೆಲ ಹೊಳೆಯ ಕಡೆ ಇಳಿಜಾರು. ಜಾರದಿರಲೆಂದು ಮಾವನವರು ಮುಂದೆ ಒಂದು ದೊಡ್ಡ ಕಲ್ಲು ಒಡ್ಡಿದ್ದರು. ಕಲ್ಲಿನ ಮೂಲೆ ಪ್ರೈಮರಿಗೆ ಒತ್ತುತ್ತಿದ್ದುದನ್ನು ನೋಡಿ ನನ್ನ ಜೀವ ಚುರ್ ಎಂದಿತು. ಕಲ್ಲು ತೆಗೆದು ಅದರ ಜಾಗದಲ್ಲಿ ಒಂದು ತಲೆದಿಂಬು ಇಟ್ಟೆ.

ಮಧ್ಯಾಹ್ನ ಮಾವನವರಿಗೆ ತಮ್ಮ ದೋಣಿಯಲ್ಲಿ ಕುಳಿತು ಊಟ ಮಾಡುವ ಮನಸ್ಸಾಯಿತು. "ಎಷ್ಟ್ ದಿನಾ ಆತು ಇಲ್ಲೆ ಕುಂದರದ" ಎಂದು ಹತ್ತಿ ತಮ್ಮ ಯಾವಾಗಿನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. ಅತ್ತೆ ಜೋಳದ ರೊಟ್ಟಿ, ಝುಣಕ, ಹಸಿ ಮೆಣಸಿನಕಾಯಿ ಕೊಟ್ಟರು. ನನ್ನ ಹೆಂಡತಿ ಇನ್ನೊಂದು ರೊಟ್ಟಿ ಹಾಕಲು ಬಂದು ದೋಣಿಗೆ ಒಂದು ಕೈ ಊರಿದಳು. ಒಂದೇ ಕೈ.

ಅಷ್ಟು ದಿನ ನಾನು ತಿಕ್ಕಿದ್ದೆಲ್ಲ ಆ ಕ್ಷಣ ಫಲ ಕೊಟ್ಟಿತು. ದಿಂಬು ಒಂದು ಕಡೆ ಹಾರಿತು. ದೋಣಿ ತಾಡಪತ್ರಿಯ ಮೇಲೆ ಸಪ್ಪಳವಿಲ್ಲದೆ ಸರಿದು, ದಂಡೆಯ ಹುಲ್ಲಿನ ಮೇಲೆ ಸುಯ್ಯನೆ ಇಳಿದು, ಮಾವನವರನ್ನೂ ಅವರ ತಾಟನ್ನೂ ಹೊತ್ತುಕೊಂಡು ಹೊಳೆಗೆ ಹೋಯಿತು. ಅವರ ಕೈಯಲ್ಲಿ ರೊಟ್ಟಿಯ ತುತ್ತು ಎತ್ತಿದ್ದು ಎತ್ತಿದ ಹಾಗೇ ಇತ್ತು. ಹುಟ್ಟು ಮನೆಯಲ್ಲಿತ್ತು.

ಅತ್ತೆ "ಅಯ್ಯಯ್ಯೋ!" ಎಂದು ಕಿರುಚಿದರು. ನನ್ನ ಕಣ್ಣ ಮುಂದೆ ಬಂದದ್ದು ಆ ತೆಳ್ಳಗಾದ ಪುಟ್ಟಿ, ಆ ಮಸುಕಾಗಿ ಕಂಡ ನೇಯ್ಗೆ. ಅಲ್ಲಿಂದಲೇ ನೀರು ನುಗ್ಗುತ್ತದೆ ಎಂದು ಖಾತ್ರಿಯಾಯಿತು. ದಂಡೆಗೆ ಓಡಿ ಕೂಗಿದೆ:

"ಮಾವಾರ! ನೀರು ಬಂತೇನ್ರೀ?"

ದೋಣಿ ಮೆಲ್ಲಗೆ ತಿರುಗುತ್ತಿತ್ತು. ಅವರು ನಮ್ಮ ಕಡೆ ಮುಖ ಮಾಡಿದರು. ಮುಖ ಕೆಂಪಾಗಿತ್ತು, ಕಣ್ಣು ಹೊರಗೆ ಬಂದಿದ್ದವು. ಎರಡೂ ಕೈ ಎತ್ತಿ ಕೂಗಿದರು:

"ನೀರು! ನೀರು!"

"ಎಲ್ಲಿಂದ ಬರಾಕತ್ತೇತ್ರೀ? ಹಿಂದಿಂದೋ, ಮುಂದಿಂದೋ?"

"ನೀರು!" ಎಂದರು ಮತ್ತೆ. ಆಮೇಲೆ ಕೆಮ್ಮು. ಕೆಮ್ಮಿನ ಮೇಲೆ ಕೆಮ್ಮು.

ನನಗೆ ಈಸು ಸರಿಯಾಗಿ ಬರುವುದಿಲ್ಲ. ಆದರೂ ಚಪ್ಪಲಿ ಸಮೇತ ಹೊಳೆಗೆ ಬಿದ್ದೆ. ಬೇಸಿಗೆಯ ಹೊಳೆ ಪಾಚಿಗಟ್ಟಿ ಹಸಿರಾಗಿತ್ತು, ಪುಣ್ಯಕ್ಕೆ ಎದೆಮಟ್ಟದಷ್ಟೇ ಇತ್ತು. ಕೆಸರಿನಲ್ಲಿ ಚಪ್ಪಲಿ ಹೋಯಿತು. ಅರ್ಧ ನಡೆದು, ಅರ್ಧ ಕೈಕಾಲು ಬಡಿದು, ಮೂಗಿನಲ್ಲಿ ನೀರು ತುಂಬಿಕೊಂಡು, ದೇವರನ್ನೆಲ್ಲ ನೆನೆಯುತ್ತ ಹೇಗೋ ಹೋಗಿ ದೋಣಿಯ ಅಂಚು ಹಿಡಿದು ಇಣುಕಿದೆ. ತಳ ನೋಡಿದೆ. ಮೂಲೆ ನೋಡಿದೆ. ಕೈ ಹಾಕಿ ಸವರಿದೆ. ಬಿಸಿಲಿಗೆ ಒಣಗಿದ ಹಪ್ಪಳದಂತೆ ಇತ್ತು.

"ಎಲ್ಲೆ ಐತ್ರೀ ಮಾವಾರ ನೀರು?" ಏದುಸಿರು ಬಿಡುತ್ತ ಕೇಳಿದೆ.

ಅವರು ಕಣ್ಣು ಒರೆಸಿಕೊಂಡು, ತಾಟಿನಲ್ಲಿದ್ದ ಅರ್ಧ ಕಚ್ಚಿದ ಮೆಣಸಿನಕಾಯಿ ತೋರಿಸಿ, ಬಿಕ್ಕಳಿಸುತ್ತ ಸಿಟ್ಟಿನಿಂದ ಅಂದರು:

"ನನ್ನ ಕೇಳತೀರೇನು? ಖಾರ ನೆತ್ತಿಗೇರಿ ಸಾಯಾಕತ್ತೇನಿ, ನೀರು ನೀರು ಅಂತ ಬಡಕೊಂಡ್ರ ಬರಿಗೈಲೆ ಬಂದೀರಿ. ಈ ದೋಣ್ಯಾಗಂತೂ ಎಲ್ಲಿ ಹುಡಕಿದ್ರೂ ಒಂದು ಹನಿ ಇಲ್ಲ!"